ಪಟ್ಟಿಯದೋ, ಮಂಡಕ್ಕಿಯದೋ?

ತಿಂಡಿಯ ತಟ್ಟೆ ಮುಂದಿದ್ದರೂ ಮನಸ್ಸಿನಲ್ಲೇ ಚುನಾವಣೆ ನಡೆಸುವ ಚಟ ನನಗೆ. ಎಂಬತ್ತರ ದಶಕದ ಮೊದಲಲ್ಲಿ ಹೊನ್ನಾಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗ ಅದು ವಿಪರೀತಕ್ಕೆ ಹೋಗಿತ್ತು. ಮತ ಎಣಿಸುವ ರೀತಿ ಬದಲಾದರೆ ಗೆಲ್ಲುವವರೂ ಬದಲಾಗುತ್ತಾರಲ್ಲ, ಆ ಚೋದ್ಯವನ್ನು ಸಿಕ್ಕಸಿಕ್ಕವರಿಗೆಲ್ಲ ಬಿಡಿಸಿ ಹೇಳುತ್ತಿದ್ದೆ. ಕನ್ನಡ ಕಲಿಸುತ್ತಿದ್ದ ಗೆಳೆಯ ಚನ್ನಬಸಪ್ಪನದು ಬೇರೆ ಹುಚ್ಚು. ಸೈಕಲ್ಲೇರಿ ಊರೂರು ತಿರುಗಿ, ಮತದಾರರ ಪಟ್ಟಿಯಲ್ಲಿ ಬಿಟ್ಟುಹೋದವರನ್ನು ಸೇರಿಸುತ್ತಿದ್ದ, ಸತ್ತವರನ್ನು ತೆಗೆಸುತ್ತಿದ್ದ. ಜನಕ್ಕೆ ಮಾತ್ರ ಇಬ್ಬರೂ ಒಂದೇ: 'ಓಟಿನ ಮೇಷ್ಟ್ರು'.

ಒಂದು ಮಧ್ಯಾಹ್ನ ಸವಳಂಗದಿಂದ ಬಸ್ಸು ಹಿಡಿದು ಕೂಲಿ ಕೆಲಸದ ಹನುಮಕ್ಕ ಬಂದರು.

"ಓಟಿನ ಮೇಷ್ಟ್ರು ನೀವೇ ಏನ್ರಿ?"

ನಾನಲ್ಲದೆ ಇನ್ಯಾರು! ಕೂರಿಸಿ, ನೀರು ಕೊಟ್ಟು ಶುರುಹಚ್ಚಿಕೊಂಡೆ. ಮೂವರಿದ್ದಾರೆ ಅಂದುಕೊಳ್ಳಿ. ಒಬ್ಬನಿಗೆ ಮೊದಲು ಮಂಡಕ್ಕಿ, ಆಮೇಲೆ ಅವಲಕ್ಕಿ, ಕಡೆಗೆ ಉಪ್ಪಿಟ್ಟು ಇಷ್ಟ. ಇನ್ನೊಬ್ಬನಿಗೆ ಅವಲಕ್ಕಿ, ಉಪ್ಪಿಟ್ಟು, ಮಂಡಕ್ಕಿ. ಮತ್ತೊಬ್ಬನಿಗೆ ಉಪ್ಪಿಟ್ಟು, ಮಂಡಕ್ಕಿ, ಅವಲಕ್ಕಿ. ಎರಡೆರಡನ್ನೇ ಎದುರುಬದುರು ನಿಲ್ಲಿಸಿ ಕೈ ಎತ್ತಿಸಿದರೆ ಮಂಡಕ್ಕಿ ಅವಲಕ್ಕಿಯನ್ನು ಸೋಲಿಸುತ್ತದೆ, ಅವಲಕ್ಕಿ ಉಪ್ಪಿಟ್ಟನ್ನು, ಉಪ್ಪಿಟ್ಟು ತಿರುಗಿ ಮಂಡಕ್ಕಿಯನ್ನು! ಗೆದ್ದವರು ಯಾರು ಹೇಳಿ?

ಹನುಮಕ್ಕ ಕೊನೆತನಕ ತಾಳ್ಮೆಯಿಂದ ಕೇಳಿದರು. "ಅದೆಲ್ಲ ಸರಿ ರೀ ಮೇಷ್ಟ್ರೇ, ಆ ಮೂರು ಮಂದಿ ಹೆಸ್ರು ಪಟ್ಟೀನಾಗೆ ಐತಾ?"

ಬಂದ ಕೆಲಸವೇನೆಂದು ಆಗ ಕೇಳಿದೆ. ವಿಷಯ ತಿಳಿಯಿತು. ಪಟ್ಟಿಯಲ್ಲಿ ಅವರು 'ಹನುಮಪ್ಪ' ಎಂದು ಅಚ್ಚಾಗಿ, ಗಂಡಸರ ಲೆಕ್ಕಕ್ಕೆ ಸೇರಿದ್ದರು. ಹಿಂದಿನ ಸಲ ಬೂತಿನಿಂದ ವಾಪಸ್ ಕಳಿಸಿದ್ದರಂತೆ.

"ಎಲ್ಲಾರೂ ನಕ್ಕರು ರೀ. ಭಾಳ ನಾಚಿಕೆ ಆತು. ತಿದ್ದಿಸಾಕೆ ಇವತ್ತೇ ಕಡೇ ದಿನ ಅಂತೆ."

ಅಯ್ಯೋ, ನನ್ನ ಮಂಡಕ್ಕಿ ಪುರಾಣ ಆಗಲೇ ಅರ್ಧ ಗಂಟೆ ನುಂಗಿತ್ತು! ಪಾಠದ ನಡುವೆಯೇ ಚನ್ನಬಸಪ್ಪನನ್ನು ಕರೆತಂದೆ. ಅವನು ಮರುಮಾತಿಲ್ಲದೆ ಅರ್ಜಿ ಬರೆದ, ಹನುಮಕ್ಕ ಹೆಬ್ಬೆಟ್ಟು ಒತ್ತಿದರು. ಬಾಗಿಲು ಹಾಕುವ ಮುನ್ನ ತಾಲ್ಲೂಕು ಕಚೇರಿ ಮುಟ್ಟಬೇಕೆಂದು ಮೂವರೂ ಬಿರಬಿರನೆ ಓಡಿದೆವು. ಓಟಿನ ಓಟ ಎಂದರೇನೆಂದು ಈ ಮೇಷ್ಟ್ರಿಗೆ ಅಂದೇ ಗೊತ್ತಾದದ್ದು.

ಹೇಗೆ ಎಣಿಸಬೇಕೆಂದು ನಾನು ತಲೆ ಕೆಡಿಸಿಕೊಂಡಿದ್ದೆ. ಯಾರನ್ನು ಎಣಿಸಿಲ್ಲವೆಂದು ಚನ್ನಬಸಪ್ಪ. ನನ್ನ ವಿದ್ಯೆ ಸುಳ್ಳಲ್ಲ, ಅದರ ಮೇಲೆ ಇಂದಿಗೂ ನನಗೆ ಪ್ರೀತಿಯೇ. ಆದರೂ ಅಂದಿನಿಂದ ಓಟಿನ ಮೇಷ್ಟ್ರನ್ನು ಹುಡುಕಿಕೊಂಡು ಯಾರೇ ಬರಲಿ, "ಪಟ್ಟಿಯದೋ, ಮಂಡಕ್ಕಿಯದೋ?" ಎಂದು ಮೊದಲೇ ಕೇಳಿಬಿಡುತ್ತಿದ್ದೆ.

ಚುನಾವಣೆಯ ಮರುದಿನ ಹನುಮಕ್ಕ ಶಾಲೆಯ ಬಾಗಿಲಲ್ಲಿ ನಿಂತು ಮಸಿ ಹತ್ತಿದ ಬೆರಳು ತೋರಿಸಿದರು. ನನಗೋ ಹಿಡಿಸಲಾರದಷ್ಟು ಖುಷಿ. ಚಟ ಬಿಟ್ಟೀತೇ? "ಯಾರಿಗೆ ಹಾಕಿದ್ರಿ ಅಕ್ಕಾ?" ಎಂದು ಕೇಳಿಯೇಬಿಟ್ಟೆ.

"ಅದನ್ನ ಹೇಳಲ್ಲ ಬಿಡ್ರಿ," ಎಂದು ನಕ್ಕರು. "ಹಾಕಿದಾಕೆ ಮಾತ್ರ ಹನುಮಕ್ಕ."