ಬಿಚ್ಚದೆ ಒಳಗೆ ಹೋದ ಗಂಟು

"ಈ ಗಂಟು ಯಾರದು?" ಎಂದು ಸಾಹೇಬರು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಗಂಟು ನನ್ನದಾಗಿತ್ತು. ಮೂರು ಹೆಜ್ಜೆ ಆಚೆ ಅಣ್ಣ ಸುಟ್ಟ ಅಂಗೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಅವನಿಗೂ ಗೊತ್ತಿತ್ತು. ಆದರೂ ನನ್ನ ಕಡೆ ನೋಡಲಿಲ್ಲ. "ಬಿಚ್ಚಿ ನೋಡೂದು ನನ್ನ ಕೆಲಸರೀ. ನಾ ನೋಡಲಿಲ್ಲ" ಎಂದ. ನಾನು ಗೋಡೆಗೆ ಆತು ನಿಂತೇ ಇದ್ದೆ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು, ಬರೆಯುವ ರೂಢಿಯಿಲ್ಲ. ಆದರೂ ಇದನ್ನು ಮೊದಲಿನಿಂದ ಬರೆದೇ ಏಳಬೇಕೆಂದು ಕುಳಿತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಅಣ್ಣ ಬೆಂಗಳೂರಿನಲ್ಲಿ ಶಾಸಕರು ಇಳಿದುಕೊಳ್ಳುವ ವಸತಿಗೃಹದ ಬಾಗಿಲು ಕಾಯುತ್ತಿದ್ದ. ವಿಧಾನಸಭೆ ಕೂಡಿತೆಂದರೆ ಊರೂರಿನ ಜನ ಅರ್ಜಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಮಲಗುತ್ತಿದ್ದರು, ಮೆಟ್ಟಿಲ ಕೆಳಗೆ ಸ್ಟೋ ಹಚ್ಚಿ ಅಡಿಗೆ ಮಾಡುತ್ತಿದ್ದರು. ಒಂದೆರಡು ಸಲ ಬಟ್ಟೆಗೆ ಬೆಂಕಿ ತಗುಲಿತ್ತು. ಇನ್ನು ಮೇಲೆ ಸ್ಟೋ, ಸೀಮೆಎಣ್ಣೆ ಒಳಗೆ ಬರಕೂಡದು, ಎಲ್ಲರ ಗಂಟು ಬಿಚ್ಚಿ ನೋಡಬೇಕು ಎಂದು ಅಪ್ಪಣೆಯಾಯಿತು.

ಅಪ್ಪಣೆಗೆ ಮೊದಲೇ ಅಣ್ಣ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆದು ಪ್ರತಿ ಅಂತಸ್ತಿಗೆ ಉಸುಕಿನ ಬಕೀಟು ಇಡಿಸಿದ್ದ. ಜನ ಅದರಲ್ಲಿ ಎಲಿಅಡಿಕಿ ಉಗುಳುತ್ತಿದ್ದರು. ಅಣ್ಣ ದಿನಾ ಮುಂಜಾನೆ ಉಸುಕು ಸಾಣಿಸಿ ಮತ್ತೆ ತುಂಬುತ್ತಿದ್ದ. ಮನೆಗೆ ಬರೆದ ಕಾಗದದಲ್ಲಿ, "ಊರವರು ಯಾರಾದರೂ ಬಂದರೆ ಸ್ಟೋ ತರಬೇಡಿರಿ ಎಂದು ಹೇಳು" ಎಂದು ಬರೆದಿದ್ದ. ಕಾಗದ ಓದಿದವನು ನಾನೇ.

ನಮ್ಮೂರು ನವಲಗುಂದ ತಾಲೂಕಿನ ಹಳ್ಳದ ದಂಡೆಯ ಮೇಲಿದೆ. ಮಳೆಗಾಲದಲ್ಲಿ ಹಳ್ಳ ಬಂದರೆ ಆ ದಂಡೆಯವರು ಆ ದಂಡೆಗೆ, ನಾವು ಈ ದಂಡೆಗೆ. ಸೇತುವೆ ಕೇಳಲು ಊರ ಗೌಡರು, ಇನ್ನಿಬ್ಬರು ಹಿರಿಯರು ಮತ್ತು ನಾನು ಹೊರಟೆವು. ಹೊರಡುವ ಮೊದಲು ಕಟ್ಟೆಯ ಮೇಲೆ ಕುಳಿತು ಬಡಾಯಿ ಕೊಚ್ಚಿದ್ದೆ: "ನಮ್ಮಣ್ಣ ಬಾಗಲದಾಗ ಇರೂತನಕ ನಮ್ಮನ್ನ ಯಾರ ಏನ ಕೇಳತಾರ?"

ಅವ್ವ ಎರಡು ಬುತ್ತಿ ಕಟ್ಟಿದಳು. ಒಂದು ನಮ್ಮ ದಾರಿಗೆ, ಒಂದು ಅಣ್ಣನಿಗೆ. ತಾಯಿ ಕಟ್ಟಿದ ಬುತ್ತಿಯನ್ನು ಯಾರಿಗೆ ಕಟ್ಟಿದ್ದೋ ಅವರೇ, ಊಟಕ್ಕೆ ಕುಳಿತ ಮೇಲೆಯೇ ಬಿಚ್ಚಬೇಕು. ನಡುವೆ ಬಿಚ್ಚಿದರೆ ಕಟ್ಟಿದವಳ ಕೈಯನ್ನು ಅವಮಾನಿಸಿದಂತೆ. ನಮ್ಮ ಮನೆಯಲ್ಲಿ ಇದನ್ನು ಯಾರೂ ಮೀರಿರಲಿಲ್ಲ. ನಾನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಮೀರಿದೆ. ಅಣ್ಣನ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ತೆಗೆದು, ಚೀಲದಲ್ಲಿ ತಂದಿದ್ದ ಸಣ್ಣ ಹಿತ್ತಾಳೆ ಸ್ಟೋ ಮತ್ತು ಬೂಚು ಬಡಿದ ಎಣ್ಣೆಯ ಬಾಟಲಿಯನ್ನು ಒಳಗಿಟ್ಟೆ. ಗೌಡರಿಗೆ ತಾಸಿಗೊಮ್ಮೆ ಚಹಾ ಬೇಕು. ಅಲ್ಲಿ ಬಿಸಿ ಚಹಾ ಮಾಡಿಕೊಟ್ಟು, ನೋಡಿರಿ ನಮ್ಮ ವಶೀಲಿ ಎಂದು ತೋರಿಸಬೇಕಿತ್ತು ನನಗೆ. ಅವ್ವ ಕಟ್ಟುವ ಹಾಗೆಯೇ ಎರಡು ಗಂಟು ಹಾಕಿ, ತುದಿಗಳನ್ನು ಒಳಗೆ ಮಡಚಿ ಸಿಗಿಸಿದೆ.

ಬಾಗಿಲಲ್ಲಿ ಅಣ್ಣ ನಗುತ್ತ ನಮಸ್ಕಾರ ಮಾಡಿದ. ಆಮೇಲೆ ಗೌಡರ ಗಂಟಿಗೆ ಕೈ ಹಾಕಿದ.

"ಏನೋ, ನನ್ನ ಗಂಟೂ ಬಿಚ್ಚಾವ ಏನ?"

"ಎಲ್ಲಾರದೂ ಬಿಚ್ಚತೇನ್ರಿ ಗೌಡ್ರ. ಮಂತ್ರಿಗಳ ಅಳಿಯಂದೂ ನಿನ್ನೆ ಬಿಚ್ಚೀನಿ."

"ಬಿಚ್ಚು, ಬಿಚ್ಚು. ರೊಟ್ಟಿ ಎಣಸು. ಒಂದ ಕಡಿಮಿ ಬಿದ್ರ ನಮ್ಮ ಮನಿಗೆ ಪತ್ರ ಬರಿ!"

ಸುತ್ತ ನಿಂತ ಪರಊರಿನ ಜನ ನಕ್ಕರು. ಹಂಗಿಸಿದ ಗೌಡರ ಮುಖವೇ ಕೆಂಪಾಯಿತು. ಇನ್ನಿಬ್ಬರ ಗಂಟನ್ನೂ ಬಿಚ್ಚಿ, ನೋಡಿ, ಕಟ್ಟಿಕೊಟ್ಟ ಅಣ್ಣ ಕೊನೆಗೆ ನನ್ನ ಕೈಯಲ್ಲಿದ್ದುದನ್ನು ಹಿಡಿದ.

"ಇದು ನಿಂದ ಯಣ್ಣಾ. ಅವ್ವ ಕಟ್ಟ್ಯಾಳ. ಮಧ್ಯಾಹ್ನ ಊಟಕ್ಕ ಕುಂತಾಗ ಬಿಚ್ಚು."

"ಒಜ್ಜಿ ಭಾಳ ಐತಲ್ಲೋ?"

"ಹಿಂಡಿ ಭರಣಿ ಇಟ್ಟಾಳ."

ಬೆಳ್ಳುಳ್ಳಿ ಹಾಕಿ ಅರೆದ ಕೆಂಪು ಮೆಣಸಿನಕಾಯಿ ಹಿಂಡಿಯ ವಾಸನೆ ಗಂಟಿನಿಂದ ಬರುತ್ತಿತ್ತು, ಅದು ನಿಜ. ಅಣ್ಣ ಗಂಟನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡ. ಊರು ಬಿಟ್ಟು ಅವನಿಗೆ ಎರಡು ವರ್ಷವಾಗಿತ್ತು. "ಒಳಗ ಇಟ್ಟಿರು, ನಾ ಬರತೇನಿ" ಎಂದು ಗಂಟನ್ನು ನನ್ನ ಕೈಗೇ ಕೊಟ್ಟ.

ಅವನು ಬರುವ ಮೊದಲೇ ನಾನು ಮೆಟ್ಟಿಲ ಕೆಳಗೆ ಸ್ಟೋ ಹಚ್ಚಿದೆ. ಗೌಡರು ಹುಬ್ಬೇರಿಸಿದರು. "ಇದೆಲ್ಲಿದಲೇ?"

"ಅಣ್ಣನ ಖೋಲ್ಯಾಗಿಂದ್ರಿ. ತನ್ನ ಮಂದಿ ಅಂದ್ರ ಅವಂದು ಬ್ಯಾರೆ ಲೆಕ್ಕ."

ಇದು ಎರಡನೆಯ ಸುಳ್ಳು. ಚಹಾ ಕುದಿಯುತ್ತಿದ್ದಾಗ ಪಂಪು ಹೆಚ್ಚು ಹೊಡೆದೆನೋ ಏನೋ, ಉರಿ ಆಳೆತ್ತರ ಎದ್ದು ಕಿಟಕಿಯ ಪರದೆಗೆ ಹತ್ತಿತು. ಪಕ್ಕದಲ್ಲಿ ಒಟ್ಟಿದ್ದ ಹಳೆಯ ಕಾಗದಗಳೂ ಹೊತ್ತಿಕೊಂಡವು. ಹೊಗೆಗೆ ಹಿರಿಯರು ಅಂಗಳಕ್ಕೆ ಓಡಿದರು. ಅಣ್ಣ ಓಡಿ ಬಂದವನೇ ಉರಿಯುವ ಸ್ಟೋವನ್ನು ಬಲಗೈಯಲ್ಲಿ ಎತ್ತಿ ಉಸುಕಿನ ಬಕೀಟಿಗೆ ತುರುಕಿದ. ಇನ್ನೊಂದು ಬಕೀಟಿನ ಉಸುಕನ್ನು ಕಾಗದದ ಮೇಲೆ ಸುರಿದ. ಉಸುಕು ಶುದ್ಧವಾಗಿತ್ತು. ಆ ಬೆಳಿಗ್ಗೆಯೂ ಸಾಣಿಸಿದ್ದ.

ಆಮೇಲೆ ವಸತಿಗೃಹದ ಮೇಲ್ವಿಚಾರಕ ಸಾಹೇಬರು ಬಂದರು. ನೆಲದ ಮೇಲೆ ಬಿದ್ದಿದ್ದ ಬುತ್ತಿಯ ಅರಿವೆಯನ್ನು ತೋರಿಸಿ ಕೇಳಿದರು. ನಾನು ಏನು ಮಾಡಿದೆ ಎಂಬುದನ್ನು ಮೊದಲೇ ಬರೆದಿದ್ದೇನೆ.

ಅಣ್ಣನನ್ನು ಬಾಗಿಲಿನಿಂದ ತೆಗೆದು ತೋಟಕ್ಕೆ ನೀರು ಬಿಡುವ ಕೆಲಸಕ್ಕೆ ಹಾಕಿದರು. ಗೌಡರು, ಹತ್ತು ಜನರ ಮುಂದೆ ಗಂಟು ಬಿಚ್ಚಿಸಿ ಅವಮಾನ ಮಾಡಿದನೆಂದು ದೂರು ಕೊಟ್ಟರು. ಸ್ಟೋದ ಮಾತನ್ನು ಮಾತ್ರ ಎತ್ತಲಿಲ್ಲ. ನಮ್ಮೂರ ಹುಡುಗನ ನೌಕರಿ ಹೋಗಬಾರದು ಎಂದು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರು. ಊರಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ನನ್ನ ಗಂಟ ಅವನೇ ಬಿಚ್ಚಿದನೇನೋ?" ಹೌದು ಎಂದೆ.

ಎರಡು ವರ್ಷದ ಮೇಲೆ ಅಣ್ಣ ರಜೆಗೆ ಬಂದ. ಬಲಗೈಯ ಬೆರಳು ಪೂರಾ ಮಡಚುತ್ತಿರಲಿಲ್ಲ. ಆ ದಿನದ ಮಾತನ್ನು ಅವನು ಎತ್ತಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಕೆಲಸವಿತ್ತು.

"ಬಿಚ್ಚಿದ್ರ ಮಂದಿಗೆ ಅಪಮಾನ, ಬಿಚ್ಚಲಿಲ್ಲಂದ್ರ ಬೆಂಕಿ. ಎರಡೂ ಬ್ಯಾಡ. ಗಂಟ ಬಾಗಲದಾಗ ಇರಲಿ, ಮಂದಿ ಒಳಗ ಹೋಗಲಿ. ಬಾಗಲದ ಬಾಜು ಒಂದು ಖೋಲಿ ಆಗಬೇಕು" ಎಂದ. ಯಮನೂರಿನ ದರ್ಗಾದ ಹೊರಗೆ ಒಬ್ಬ ಮುದುಕ ಚಪ್ಪಲಿ ಇಟ್ಟುಕೊಂಡು ಬಿಲ್ಲೆ ಕೊಡುವುದನ್ನು ಅವನು ನೋಡಿದ್ದ. ಆದರೆ ಅರ್ಜಿ ಹಿಡಿದು ಬರುವವರಲ್ಲಿ ಅರ್ಧ ಜನಕ್ಕೆ ಅಂಕಿ ಓದಲು ಬಾರದು. ಅದಕ್ಕೆ ಅವನು ನನ್ನನ್ನು ಕರೆದುಕೊಂಡು ಕಲಘಟಗಿಗೆ ಹೋದ. ಅಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಹತ್ತಿರ ಉಳಿದ ಕಟ್ಟಿಗೆ ತುಂಡುಗಳಿಂದ ಬಿಲ್ಲೆ ಮಾಡಿಸಿದ. ಗಿಳಿ ಎರಡು, ನವಿಲು ಎರಡು, ಆನೆ ಎರಡು, ಕಮಲ ಎರಡು. ಒಂದು ಗಂಟಿಗೆ, ಒಂದು ಮನುಷ್ಯನ ಕೈಗೆ. ತೊಟ್ಟಿಲಿನವನು, "ಕೂಸು ಎಲ್ಲೈತ್ರೀ?" ಎಂದು ನಕ್ಕ. ಅಣ್ಣ, "ಬೆಂಗಳೂರಾಗ ಅದಾವು, ಭಾಳ ದೊಡ್ಡ ಕೂಸು" ಎಂದ.

ಆದರೆ ಸಾಹೇಬರು ಒಂದು ಶರತ್ತು ಹಾಕಿದ್ದರು. ದೂರು ಕೊಟ್ಟ ಹಿರಿಯರೇ, ಈ ವ್ಯವಸ್ಥೆ ನಮಗೆ ಒಪ್ಪಿಗೆ ಎಂದು ಸಹಿ ಮಾಡಿಕೊಡಬೇಕು. ಹಾಗಾದರೆ ಖೋಲಿಯೂ ಆಗುತ್ತದೆ, ಅಣ್ಣನೂ ಬಾಗಿಲಿಗೆ ಮರಳುತ್ತಾನೆ. ಇಲ್ಲದಿದ್ದರೆ ಎರಡೂ ಇಲ್ಲ.

ಮರುದಿನ ಚಾವಡಿಯಲ್ಲಿ ಅಣ್ಣ ಒಪ್ಪಿಗೆಯ ಕಾಗದ ಇಟ್ಟು, ಬಿಲ್ಲೆಗಳನ್ನು ಹರವಿದ. ಮನೆ ಚಾವಡಿಯ ಎದುರಿಗೇ ಇದ್ದುದರಿಂದ ಅವ್ವ ಹೊಸ್ತಿಲ ಮೇಲೆ ನಿಂತು ಕೇಳುತ್ತಿದ್ದಳು. ಹಿರಿಯರಲ್ಲಿ ಒಬ್ಬರು ಗಿಳಿಯ ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದರು. "ನನಗ ನವಲ ಕೊಡಪಾ. ಗಿಳಿ ಮನ್ಯಾಗ ಒಂದೈತಿ, ದಿನಾ ಮಾತಾಡತೈತಿ. ಬೆಂಗಳೂರಾಗಾದ್ರೂ ಪುರಸೊತ್ತು ಬೇಕು." ಎಲ್ಲರೂ ನಕ್ಕರು. ಗೌಡರು ನಗಲಿಲ್ಲ. ಕಾಗದವನ್ನು ಮುಟ್ಟಲಿಲ್ಲ.

"ಬಿಲ್ಲೆ ಚಂದ ಅದಾವು. ಕಾಯುವ ಮನಶ್ಯಾನ ಮ್ಯಾಲೆ ನಂಬಿಗಿ ಇಲ್ಲ ನನಗ. ನಮ್ಮ ಗಂಟ ಬಿಚ್ಚಿ ರೊಟ್ಟಿ ಎಣಿಸಿದಿ. ನಿನ್ನ ತಮ್ಮಗ ನಿನ್ನ ಖೋಲ್ಯಾಗಿನ ಸ್ಟೋ ಕೊಟ್ಟಿ. ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ವಿ. ಸಹಿ ಮಾಡಂಗಿಲ್ಲ, ಹೋಗು."

ಆ ಮಾತನ್ನು ಅಣ್ಣ ಕೇಳಿದ್ದು ಅದೇ ಮೊದಲು. ನನ್ನ ಕಡೆ ತಿರುಗಿ ನೋಡಿದ. ಬೈಯಬಹುದಿತ್ತು, ಇದ್ದದ್ದನ್ನು ಹೇಳಬಹುದಿತ್ತು. ಅದು ಬಿಟ್ಟು ಬಿಲ್ಲೆಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಮಡಚಲಾರದ ಬೆರಳಿನ ಸಂದಿಯಿಂದ ಆನೆಯ ಬಿಲ್ಲೆ ಜಾರಿ ನನ್ನ ಕಾಲ ಹತ್ತಿರ ಬಿತ್ತು.

ಅದನ್ನು ಎತ್ತಿಕೊಂಡು ಎದ್ದು ನಿಂತೆ. ಈ ಸಲ ಗೋಡೆಗೆ ಆತುಕೊಳ್ಳಬಾರದೆಂದು ಚಾವಡಿಯ ನಡುವಿಗೆ ಬಂದೆ.

"ಗೌಡ್ರ, ಆ ಸ್ಟೋ ನಮ್ಮ ಮನೀದ್ರಿ. ತಂದಾವ ನಾನು. ತರಬ್ಯಾಡಂತ ಅಣ್ಣ ಬರದಿದ್ದ, ಆ ಕಾಗದ ಓದಿದ ಮ್ಯಾಲೂ ತಂದೆ. ಅವ್ವನ ಗಂಟ ಬಿಚ್ಚಿ ಒಳಗ ಇಟ್ಟೆ. ಅಣ್ಣನ ಖೋಲ್ಯಾಗಿಂದು ಅಂತ ನಿಮಗ ಸುಳ್ಳ ಹೇಳಿದೆ. ಸಾಹೇಬ್ರು ಕೇಳಿದಾಗ ಸುಮ್ಮನ ನಿಂತೆ. ಬೇಕಂದ್ರ ಇದನ್ನೆಲ್ಲಾ ಆ ಕಾಗದದಾಗ ಬರೀರಿ. ಮೊದಲನೇ ಸಹಿ ನಂದ ಇರಲಿ."

ಗೌಡರು ನನ್ನನ್ನು ನೋಡಿದರು, ಆಮೇಲೆ ಅಣ್ಣನ ಕೈಯನ್ನು ನೋಡಿದರು. ಎದುರು ಹೊಸ್ತಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಹಿಡಿದಿದ್ದಳು. ಗೌಡರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು, ಸಹಿ ಮಾಡಲು ಲೆಕ್ಕಣಿಕೆ ಕೇಳಿದರು.

ನಾನು ಅಣ್ಣನ ಮುಂದೆ ಕುಳಿತು ಆನೆಯ ಬಿಲ್ಲೆಯನ್ನು ಅವನ ಸುಟ್ಟ ಅಂಗೈಯಲ್ಲಿ ಇಟ್ಟೆ. ಎರಡು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದೆ.

"ತಪ್ಪು ನಂದು ಯಣ್ಣಾ. ನಿನ್ನ ಕೈ ಸುಟ್ಟಾವ ನಾನು, ನಿನ್ನ ಬಾಗಲ ಬಿಡಿಸಿದಾವ ನಾನು. ನನ್ನ ಕ್ಷಮಾ ಮಾಡು."