ಮಂಜಿನ ಘಾಟಿಗೆ ಕೆಂಪು ದೀಪ ಕಟ್ಟುವ ಬುರುಲ್ಚಾ

ಬೆಳಕು ಹರಿಯುವ ಹೊತ್ತು. ಕೊಚ್ಕೋರ್ ಪೇಟೆಯ ಅಂಚಿನಲ್ಲಿ ನಿಂತ ಲಾರಿಯ ಅಡಿಯಿಂದ ಒಂದು ಜೊತೆ ರಬ್ಬರ್ ಬೂಟು ಹೊರಚಾಚಿದೆ. ಬೂಟಿನೊಡತಿ ಬುರುಲ್ಚಾ. ಬೇಸಿಗೆ ಬಂತೆಂದರೆ ಕುರಿ ಕಾಯುವವರೆಲ್ಲ ಗುಡಾರ ಸಮೇತ ಮಂಜು ಕವಿದ ಘಾಟಿ ಹತ್ತಿ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಡುತ್ತಾರೆ. ಹೇರಿದ ಕಂಬಳಿ ಸುರುಳಿಗಳು ಜೋತುಬಿದ್ದು ಲಾರಿಯ ಹಿಂದಿನ ದೀಪಗಳನ್ನು ಮುಚ್ಚಿಬಿಡುತ್ತವೆ. ಅಂಥ ಲಾರಿಗಳ ಬೆನ್ನಿಗೆ ಬೇರೆ ದೀಪ ಕೂರಿಸುವುದು ಈಕೆಯ ಕೆಲಸ.

ಲಾರಿಯ ಒಡೆಯ ಒಸ್ಕೊನ್‌ಬಾಯ್ ಈ ಸಲ ತಾನೇ ಮೇಸ್ತ್ರಿಯಾಗಿದ್ದಾನೆ. ಎರಡು ಕೆಂಪು ದೀಪ ಕೊಂಡು ತಂದು, ಹೊರೆಯ ಹಿಂದೆ ಬಿಗಿದ, ಗುಡಾರದ ಗೋಡೆಯಾಗುವ ಮರದ ಜಾಲರಿಗೇ ಕಟ್ಟಿದ್ದಾನೆ. ಸಡಿಲವಾದ ಒಂದು ತಂತಿ ಬಿಗಿಸಲೆಂದು ಬಂದವನು. ಬುರುಲ್ಚಾ ಹೊರಬಂದು ನೋಡಿ ಬಿದ್ದು ಬಿದ್ದು ನಗುತ್ತಾಳೆ.

“ತಮ್ಮಾ, ಗುಡಾರಕ್ಕೆ ಬ್ರೇಕ್ ದೀಪ ಹಾಕಿದ್ಯಲ್ಲೋ! ಮೇಲೆ ಗುಡಾರ ಇಳಿಸಿದ್ಮೇಲೆ ಲಾರಿ ಬೋಳಾಗಿ ವಾಪಸ್ ಬರುತ್ತಾ?”

“ಹೋಗೋವಾಗ ಉರಿದ್ರೆ ಸಾಕಕ್ಕ.”

“ಎಲ್ಲಿ, ಬ್ರೇಕ್ ತುಳಿ.”

ಅವನು ತುಳಿಯುತ್ತಾನೆ. ಮೊದಲೇ ಉರಿಯುತ್ತಿದ್ದ ದೀಪ ಹೇಗಿತ್ತೋ ಹಾಗೇ ಇದೆ. ಸದಾ ಉರಿಯುವ ದೀಪದ ತಂತಿ, ಬ್ರೇಕಿನ ತಂತಿ ಎರಡನ್ನೂ ಒಂದೇ ಕಡೆ ಗಂಟು ಹಾಕಿದ್ದಾನೆ. ಲಾರಿ ಓಡುತ್ತಿದೆಯೋ ನಿಂತಿದೆಯೋ ಹಿಂದಿನವನಿಗೆ ತಿಳಿಯುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ! ಬುರುಲ್ಚಾಳ ನಗು ಅಲ್ಲಿಗೆ ನಿಲ್ಲುತ್ತದೆ.

ಅದಕ್ಕೆ ಕಾರಣವಿದೆ. ಗಂಡ ಸಾತಿಬಾಲ್ದಿ ಹಿಂದೆ ಇದೇ ಘಾಟಿಯಲ್ಲಿ ಲಾರಿ ಓಡಿಸುತ್ತಿದ್ದ. ಮಂಜಿನಲ್ಲಿ ಕುದುರೆಗಳು ಅಡ್ಡ ಬಂದವೆಂದು ಬ್ರೇಕ್ ಹಾಕಿದ, ಹಿಂದಿದ್ದ ಲಾರಿ ಬಂದು ಗುದ್ದಿತು. ಕಾಲು ಹೋಯಿತು. “ಹಿಂದಿನವ್ನದೇನೂ ತಪ್ಪಿಲ್ಲ. ಅವನಿಗೆ ಕಂಡಿದ್ದು ಬರೀ ಕಂಬಳಿ,” ಎನ್ನುತ್ತಾಳೆ. “ಇವರು ಹಾಸಿಗೇಲಿ ಮಲಗಿ ಹೇಳ್ಕೊಡೋರು, ನಾನು ಬೈಸ್ಕೊಂಡು ಬೈಸ್ಕೊಂಡು ಕಲ್ತೆ.” ಪಕ್ಕದಲ್ಲೇ ಮನೆಯ ಬಾಗಿಲಲ್ಲಿ ಕೂತು ಚಹಾ ಬಗ್ಗಿಸುತ್ತಿರುವ ಸಾತಿಬಾಲ್ದಿ ಸುಮ್ಮನಿರುವನೇ? “ಈಗ ಬೈಸ್ಕೊಳ್ಳೋ ಸರದಿ ನಂದು!”

ಒಸ್ಕೊನ್‌ಬಾಯ್‌ಗೆ ಚಹಾ ರುಚಿಸುತ್ತಿಲ್ಲ. “ಅಮ್ಮ ಕೈಯೆತ್ತಿ ಹರಸಿ ಆಗಿದೆ ಅಕ್ಕ. ಇನ್ನು ಹೊರೆ ಬಿಚ್ಚಿದ್ರೆ ಅಪಶಕುನ. ಬಿಡು, ಹೊರಡ್ತೀವಿ.”

“ಹೊರೆ ಬಿಚ್ಚು ಅಂದೋರ್ಯಾರು? ದೀಪ ಬಿಚ್ತೀನಿ.” ಲಾರಿಯ ಬೀಗದಕೈ ಆಗಲೇ ಅವಳ ಜೇಬು ಸೇರಿದೆ.

ಮುಂದಿನ ಸೀಟಿನಿಂದ ಅವನ ತಾಯಿ, ಮುದುಕಿ ಬೂಬೂಶ್, ಹಿಂದೆ ನಿಂತ ಇನ್ನೊಂದು ಲಾರಿಯತ್ತ ಕೈ ತೋರಿಸಿ ಗದರುತ್ತಾಳೆ: “ಸುಮ್ನಿರೋ! ಹಿಂದಿನ ಲಾರೀಲಿ ಬರ್ತಿರೋದು ನನ್ನ ಮೊಮ್ಮಕ್ಕಳು. ಬೇಕಾದ್ರೆ ಇನ್ನೊಂದ್ಸಲ ಹರಸ್ತೀನಿ, ನನ್ನ ಕೈಯೇನು ಸವೆದು ಹೋಗುತ್ತಾ?”

ಬುರುಲ್ಚಾ ಲಾರಿಯ ಚೌಕಟ್ಟಿಗೆ ಕಬ್ಬಿಣದ ಪಟ್ಟಿಯೊಂದನ್ನು ಬೋಲ್ಟು ಹಾಕಿ ಬಿಗಿಯುತ್ತಾಳೆ. ಬಿಚ್ಚಿದ ದೀಪಗಳು ಇನ್ನು ಕೂರುವುದು ಅದರ ಮೇಲೆ, ಪಟ್ಟಿ ಕಂಬಳಿಯನ್ನು ದಾಟಿ ಹೊರಚಾಚಬೇಕು. ಹೊಸದಾಗಿ ಬಳಿಸಿದ ನೀಲಿ ಬಣ್ಣವನ್ನು ಕೆರೆಯುವಾಗ ಒಸ್ಕೊನ್‌ಬಾಯ್ ತನ್ನ ಚರ್ಮವನ್ನೇ ಕೆರೆದಂತೆ ಒದ್ದಾಡುತ್ತಾನೆ. ಬಣ್ಣದ ಮೇಲೆ ಕೂರಿಸಿದ ದೀಪ ಉರಿಯುವುದಿಲ್ಲ, ಕರೆಂಟು ಹರಿಯಲು ಬರಿ ಕಬ್ಬಿಣ ತಾಗಲೇಬೇಕು. ಕಂಬಳಿಯಡಿಯ ಹಳೆಯ ಬ್ರೇಕ್ ದೀಪದಿಂದ ಬ್ರೇಕಿಗೆಂದೇ ಬೇರೆ ತಂತಿ ಎಳೆದು ತರುತ್ತಾಳೆ. “ತುಳಿ!” ಕೆಂಪು ಭಗ್ಗೆನ್ನುತ್ತದೆ. “ಬಿಡು!” ಮಂಕಾಗುತ್ತದೆ.

ಮುದುಕಿ ಮತ್ತೆ ಹರಸುತ್ತಾಳೆ. ಲಾರಿಗಳೆರಡೂ ಮಂಜಿನತ್ತ ಹೊರಡುತ್ತವೆ. ಬೀದಿಯ ತಿರುವಿನಲ್ಲಿ ಕುರಿಮಂದೆಯೊಂದು ಅಡ್ಡ ನುಗ್ಗುತ್ತದೆ. ಮುಂದಿನ ಲಾರಿಯ ದೀಪ ಒಮ್ಮೆಗೇ ಕೆಂಪೇರುತ್ತದೆ. ಮಕ್ಕಳಿರುವ ಲಾರಿ ಸಾಕಷ್ಟು ದೂರದಲ್ಲೇ ನಿಲ್ಲುತ್ತದೆ.

ಬುರುಲ್ಚಾ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾಳೆ: “ನನ್ನ ಕೆಲಸ ಮುಂದೆ ಕೂತವ್ನಿಗೆ ಕಾಣಲ್ಲ. ಹಿಂದಿನವ್ನಿಗೆ ನನ್ನ ಹೆಸರೇ ಗೊತ್ತಿಲ್ಲ. ಇಬ್ರೂ ಸಂಜೆ ಒಂದೇ ಗುಡಾರದಲ್ಲಿ ಊಟಕ್ಕೆ ಕೂತ್ರೆ ಸಾಕು.”