ಹಲ್ಲಿಗೆ ಸಿಕ್ಕ ಸಮುದ್ರ

ಕಾಕಾ ಅವರ ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ಸದಾ ಬೂದುಬಣ್ಣದ ಒಂದು ಗೆರೆ ಇರುತ್ತಿತ್ತು. ಎಲೆಯಡಿಕೆಯದಲ್ಲ, ಕ್ಯಾಸ್ಪಿಯನ್ ಸಮುದ್ರದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ನಮ್ಮ ಪ್ರಯೋಗಾಲಯಕ್ಕೆ ಆ ಸಮುದ್ರತಳದ ಕೆಸರು ಉದ್ದುದ್ದ ಕೊಳವೆಗಳಲ್ಲಿ ಬರುತ್ತಿತ್ತು. ನಾನು ಸಂಶೋಧನೆಗೆ ಸೇರಿದ್ದೆ. ಕೆಸರು ತೊಳೆದು ಸೋಸುವ ಕೆಲಸ ಕಾಕಾ ಅವರದು. ಬೀದರ ಕಡೆಯವರು, ಯೆರವಡಾದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಚಿಟಿಕೆ ಕೆಸರನ್ನು ಮುಂದಿನ ಹಲ್ಲಿನಲ್ಲಿ ಕಡಿದು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು: "ಕರಕರ ಅಂದ್ರ ಹೂಳು. ಬೆಣ್ಣಿಯಂಗ ಜಾರಿದ್ರ ಜೇಡಿ." ಯಂತ್ರ ಎರಡು ದಿನ ತೆಗೆದುಕೊಂಡು ಅದನ್ನೇ ಹೇಳುತ್ತಿತ್ತು.

ಸುತ್ತ ನೆಲವಿರುವ ಸಮುದ್ರವೆಂದರೆ ಅವರಿಗೆ ಬಲು ಅಕ್ಕರೆ. "ದೊಡ್ಡ ಕೆರಿನ ಬಿಡು, ತಂಗಿ. ಎಲ್ಲಿ ಹೋಗ್ತದ ಪಾಪ? ಬಂದ ಮಣ್ಣೆಲ್ಲ ಮಡ್ಲಾಗ ಇಟ್ಕೊಂಡು ಕುಂತದ." ಗಾಜಿನ ಜಾಡಿಗಳಲ್ಲಿ ಕೆಸರು ಕದಡಿಟ್ಟ ಮಧ್ಯಾಹ್ನಗಳಲ್ಲಿ, ಮೇಜು ಅಲುಗಬಾರದೆಂದು ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಕಿಟಕಿಯ ಬಿಸಿಲಲ್ಲಿ ಆ ದೂರದ ಮಣ್ಣು ಕಣಕಣವಾಗಿ ಇಳಿಯುವುದನ್ನು ನೋಡುತ್ತ ಇಬ್ಬರೂ ಕೂತುಬಿಡುತ್ತಿದ್ದೆವು. ನಾವೂ ನೀರಿನೊಳಗೇ ಇದ್ದೇವೆ ಅನ್ನಿಸುತ್ತಿತ್ತು. "ಕೆಸರು ಕುಂದ್ರಬೇಕಾದ್ರ ಮನಷ್ಯಾನೂ ಕುಂದ್ರಬೇಕು" ಎನ್ನುತ್ತಿದ್ದರು.

ನನಗೆ ಆ ತಾಳ್ಮೆ ಎಲ್ಲಿತ್ತು? ಒಂದು ಕೊಳವೆಯ ಮೇಲಿದ್ದ ಬಾಣದ ಗುರುತು ಮೇಲ್ತುದಿಯನ್ನು ತೋರಿಸುತ್ತದೆಂದು ನಂಬಿ, ಕೊಳವೆ ಸೀಳಿ, ತುಂಡುಗಳಿಗೆಲ್ಲ ಸಂಖ್ಯೆ ಬರೆದುಬಿಟ್ಟೆ. ಕೆಸರು ತೆಗೆದು ಕಳಿಸಿದ ಹಡಗಿನವರು ಬಾಣವನ್ನು ತಳದತ್ತ ಹಾಕಿದ್ದರು. ನಿನ್ನೆ ಮೊನ್ನೆ ಬಿದ್ದ ಮಣ್ಣು ನನ್ನ ಕೈಯಲ್ಲಿ ಸಾವಿರಾರು ವರ್ಷ ಹಳೆಯದಾಗಿತ್ತು. ಪ್ರಬಂಧ ಒಪ್ಪಿಸಲು ನಾಲ್ಕೇ ತಿಂಗಳಿದ್ದಾಗ, ನಾನು ತಳದ್ದೆಂದು ಬರೆದಿದ್ದ ತುಂಡನ್ನು ಕಾಕಾ ಬೆರಳಲ್ಲಿ ಒತ್ತಿ, ಹಲ್ಲಿಗಿಟ್ಟು, ಮೆಲ್ಲಗೆ ಹೇಳಿದರು: "ತಂಗಿ, ಇದು ಅಂಬಲಿಯಂಗ ಅದ. ಮ್ಯಾಲಿನ ಭಾರ ಹೊತ್ತ ಮಣ್ಣು ಹಿಂಗಿರಂಗಿಲ್ಲ. ನೀ ಸಮುದ್ರ ತಲಿಕೆಳಗ ಮಾಡೀದಿ."

ನಾನು ಅತ್ತುಬಿಟ್ಟೆ. "ಅಳಬ್ಯಾಡ, ನೆಟ್ಟಗ ಮಾಡೂಣು" ಎಂದವರು ಭಾನುವಾರಗಳಲ್ಲೂ ಬಂದು ಎಲ್ಲವನ್ನೂ ನನ್ನೊಡನೆ ಮೊದಲಿನಿಂದ ತೊಳೆದರು. ಪ್ರಬಂಧ ಹೊತ್ತಿಗೆ ಸರಿಯಾಗಿ ಮುಗಿಯಿತು.

ಅದು ರಟ್ಟು ಕಟ್ಟಿಸಿಕೊಂಡು ಬಂದ ದಿನ ಕೈ ಒರೆಸಿಕೊಂಡು ಕೇಳಿದರು: "ನನ್ನ ಹೆಸರೂ ಅದ ಏನವ್ವಾ ಇದ್ರಾಗ?"

ಮಾರ್ಗದರ್ಶಕರಿಂದ ಹಿಡಿದು ಹಡಗಿನವರ ತನಕ ಎಲ್ಲರಿಗೂ ಕೃತಜ್ಞತೆ ಹೇಳಿದ್ದೆ. ಇವರು ನೆನಪಿಗೇ ಬಂದಿರಲಿಲ್ಲ. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. "ಹೌದ್ರಿ ಕಾಕಾ, ಅದ" ಎಂದು ಯಾವುದೋ ಸಾಲಿನ ಮೇಲೆ ಬೆರಳಿಟ್ಟೆ. ಆ ಪುಟದ ಝೆರಾಕ್ಸ್ ಕೇಳಿದರು. ಕೊಟ್ಟೆ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಯೆರವಡಾದ ಮನೆಗೆ ಹೋದಾಗ ದೇವರ ಫೋಟೊಗಳ ಪಕ್ಕದಲ್ಲೇ ಆ ಪುಟವನ್ನು ಗಾಜು ಹಾಕಿಸಿ ತೂಗುಹಾಕಿದ್ದರು. ಅವರ ಹೆಂಡತಿ ಗಾಜಿನ ಮೇಲೆ ಬೆರಳಿಟ್ಟು, "ಇಲ್ಲಿ ನೋಡ್ರಿ, ಇಲ್ಲೇ ಅದಾರ" ಎಂದರು. ನಾನು ತೋರಿಸಿದ್ದ ಅದೇ ಸಾಲು. ಪಕ್ಕದಲ್ಲಿದ್ದ ಮೊಮ್ಮಗಳು ಇಂಗ್ಲಿಷ್ ಶಾಲೆಗೆ ಹೋಗುವವಳು. ಅದನ್ನು ಎಂದೋ ಓದಿದ್ದಳೆಂದು ಅವಳು ನನ್ನತ್ತ ನೋಡಿದಾಗಲೇ ತಿಳಿಯಿತು.

"ಹೌದಜ್ಜಿ, ಅದಾರ" ಎಂದಳು.